ನಾಲ್ಕು ಸೈನ್ಯ, ಒಂದು ವರ್ಕ್‌ಶಾಪ್: ಕಾಂಬೋಡಿಯಾದ ಪಾರಿವಾಳದ ಕೋಟೆ

ಇವತ್ತಿನ ಸಂಚಿಕೆಯಲ್ಲಿ ಯುದ್ಧ ಗೆದ್ದ ರಾಜರಿಲ್ಲ, ಸೇನಾಪತಿಗಳೂ ಇಲ್ಲ. ಇರೋದು ಒಂದು ವರ್ಕ್‌ಶಾಪ್. ಅಲ್ಲಿ ಕೆಲಸ ಮಾಡ್ತಿದ್ದವರಲ್ಲಿ ಕೆಲವರಿಗೆ ಒಂದು ಕಾಲಿರಲಿಲ್ಲ, ಕೆಲವರಿಗೆ ಎರಡೂ ಇರಲಿಲ್ಲ.

1997ರ ಡಿಸೆಂಬರ್ 10. ನಾರ್ವೆಯ ರಾಜಧಾನಿ ಓಸ್ಲೋ. ನೊಬೆಲ್ ಶಾಂತಿ ಪ್ರಶಸ್ತಿ ಸಮಾರಂಭ. ಆ ವರ್ಷ ಅರ್ಧ ಪ್ರಶಸ್ತಿ ಅಮೆರಿಕದ ಹೋರಾಟಗಾರ್ತಿ ಜೋಡಿ ವಿಲಿಯಮ್ಸ್ ಅವರಿಗೆ. ಇನ್ನರ್ಧ ಅವರು ಸಂಚಾಲಕಿಯಾಗಿದ್ದ ಅಂತಾರಾಷ್ಟ್ರೀಯ ನೆಲಬಾಂಬ್ ನಿಷೇಧ ಅಭಿಯಾನಕ್ಕೆ. ಅಭಿಯಾನದ ಪರವಾಗಿ ಪ್ರಶಸ್ತಿ ತಗೊಳ್ಳೋಕೆ ಬಂದವರು ವ್ಹೀಲ್‌ಚೇರ್‌ನಲ್ಲಿದ್ದರು. ಹೆಸರು ತುನ್ ಚನ್ನರೆತ್, ಕಾಂಬೋಡಿಯಾದವರು. ಊರಲ್ಲಿ ಅವರ ಕೆಲಸ ವ್ಹೀಲ್‌ಚೇರ್ ತಯಾರಿಸೋದು.

ವ್ಹೀಲ್‌ಚೇರ್ ಮಾಡೋ ಒಬ್ಬ ಮನುಷ್ಯ ಓಸ್ಲೋ ತನಕ ಹೋಗಿದ್ದು ಹೇಗೆ? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಪಡೆ ರಾಜಧಾನಿ ಫ್ನಾಮ್ ಪೆನ್ ನಗರವನ್ನು ವಶಪಡಿಸಿಕೊಂಡಿತು. ಅವರ ಆಡಳಿತ ನಾಲ್ಕು ವರ್ಷವೂ ಇರಲಿಲ್ಲ. ಅಷ್ಟರಲ್ಲೇ ಹಸಿವು, ಕಾಯಿಲೆ, ಹತ್ಯೆಗಳಿಂದ 15 ಲಕ್ಷಕ್ಕೂ ಹೆಚ್ಚು ಜನ ಸತ್ತರು. 1979ರ ಜನವರಿಯಲ್ಲಿ ವಿಯೆಟ್ನಾಂ ಸೇನೆ ಬಂದು ಆ ಆಡಳಿತವನ್ನು ಉರುಳಿಸಿತು. ಹಾಗಂತ ಯುದ್ಧ ಮುಗೀಲಿಲ್ಲ. ಒಂದು ಕಡೆ ವಿಯೆಟ್ನಾಂ ಬೆಂಬಲದ ಸರ್ಕಾರ. ಇನ್ನೊಂದು ಕಡೆ ಥಾಯ್ಲೆಂಡ್ ಗಡಿಗೆ ಸರಿದ ಖ್ಮೇರ್ ರೂಜ್, ಸಿಹನೂಕ್ ಬೆಂಬಲಿಗರು, ಜೊತೆಗೆ ಕಮ್ಯುನಿಸ್ಟ್ ವಿರೋಧಿಗಳ ಮತ್ತೊಂದು ಪಡೆ. ಒಟ್ಟು ನಾಲ್ಕು ಸೈನ್ಯ. ನಾಲ್ಕೂ ನೆಲಬಾಂಬ್ ಹೂತವು. 1980ರ ದಶಕದ ಮಧ್ಯದಲ್ಲಿ ಸರ್ಕಾರ ಕೆ-5 ಅನ್ನೋ ಯೋಜನೆ ಹಾಕಿ, ಥಾಯ್ ಗಡಿಯುದ್ದಕ್ಕೂ ನೆಲಬಾಂಬಿನ ಬೇಲಿಯನ್ನೇ ಕಟ್ಟಿತು.

ಚನ್ನರೆತ್ 1982ರಲ್ಲಿ ಇಂಥದ್ದೇ ಒಂದು ಬಾಂಬ್ ತುಳಿದರು. ಆಗ ಅವರಿಗೆ 22 ವರ್ಷದ ಆಸುಪಾಸು. ಈಗ ಇದನ್ನು ಕೇಳ್ತಿರೋ ನಿಮ್ಮಲ್ಲಿ ಅನೇಕರ ವಯಸ್ಸು. ಎರಡೂ ಕಾಲು ಹೋದವು. ಬದುಕೇ ಬೇಡ ಅನ್ನಿಸಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ಆಮೇಲೆ ವರ್ಷಗಟ್ಟಲೆ ಥಾಯ್ ಗಡಿಯ ನಿರಾಶ್ರಿತರ ಶಿಬಿರದಲ್ಲಿ ಕಳೆದರು.

1991ರ ಅಕ್ಟೋಬರ್ 23ರಂದು ಪ್ಯಾರಿಸ್‌ನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಮುಂದಿನ ಎರಡು ವರ್ಷದಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ನಿರಾಶ್ರಿತರು ಊರಿಗೆ ವಾಪಸ್ ಬಂದರು. ಊರಿಗೆ ಬಂದ ರೈತ ಏನು ಮಾಡ್ತಾನೆ? ಗದ್ದೆಗೆ ಇಳೀತಾನೆ. ಸೌದೆಗೆ ಕಾಡಿಗೆ ಹೋಗ್ತಾನೆ. ದನ ಹೊಡ್ಕೊಂಡು ಬದುವಿನ ಮೇಲೆ ನಡೀತಾನೆ. ಸಹಿ ಬಿದ್ದಿದ್ದು ಕಾಗದದ ಮೇಲೆ, ಬಾಂಬ್ ಇದ್ದಿದ್ದು ಮಣ್ಣಿನೊಳಗೆ. ಅದಕ್ಕೆ ಒಪ್ಪಂದ ಗೊತ್ತಿಲ್ಲ. ತುಳಿದವನು ಸೈನಿಕನೋ, ಸೌದೆ ಆರಿಸೋ ಹುಡುಗಿಯೋ ಅನ್ನೋದೂ ಗೊತ್ತಿಲ್ಲ. 1996ರ ಒಂದೇ ವರ್ಷದಲ್ಲಿ ಕಾಂಬೋಡಿಯಾದಲ್ಲಿ ನೆಲಬಾಂಬ್ ಮತ್ತು ಸಿಡಿಯದೆ ಉಳಿದ ಮದ್ದುಗುಂಡುಗಳಿಂದ ಸತ್ತವರು, ಗಾಯಗೊಂಡವರು 4,000ಕ್ಕೂ ಹೆಚ್ಚು.

ಈಗ ಆ ವರ್ಕ್‌ಶಾಪಿಗೆ ಬರೋಣ. ಶಾಂತಿ ಒಪ್ಪಂದವಾದ ವರ್ಷವೇ, ಅಂದರೆ 1991ರಲ್ಲಿ, ಕಾಂಬೋಡಿಯಾದ ಜೆಸ್ಯೂಟ್ ಸೇವಾ ಸಂಸ್ಥೆ ಫ್ನಾಮ್ ಪೆನ್ ಹತ್ತಿರ ಅಂಗವಿಕಲರಿಗಾಗಿ ಒಂದು ತರಬೇತಿ ಕೇಂದ್ರ ಶುರುಮಾಡಿತು. ಅದರ ಹೆಸರು ಬಂತೇಯ್ ಪ್ರಿಯೆಪ್. ಖ್ಮೇರ್ ಭಾಷೆಯಲ್ಲಿ ಪಾರಿವಾಳದ ಕೋಟೆ ಅಂತ ಅರ್ಥ. ನೆಲಬಾಂಬಿಗೆ ಕಾಲು ಕೊಟ್ಟವರು, ಪೋಲಿಯೋ ಬಂದವರು ಅಲ್ಲೇ ಉಳಿದು ಕೆಲಸ ಕಲಿತರು: ವೆಲ್ಡಿಂಗ್, ಹೊಲಿಗೆ, ಮರದ ಕೆತ್ತನೆ, ಎಲೆಕ್ಟ್ರಾನಿಕ್ಸ್ ರಿಪೇರಿ.

ಅಲ್ಲಿ ತಯಾರಾಗ್ತಿದ್ದ ಒಂದು ವಸ್ತುವಿನ ಬಗ್ಗೆ ಹೇಳಲೇಬೇಕು. ಆಸ್ಪತ್ರೆ ವ್ಹೀಲ್‌ಚೇರ್ ನೋಡಿದ್ದೀರಲ್ಲ, ಮುಂದೆ ಎರಡು ಪುಟ್ಟ ಚಕ್ರ. ಅದು ಟೈಲ್ಸ್ ನೆಲಕ್ಕೆ ಸರಿ. ಮಳೆಗಾಲದ ಹಳ್ಳಿ ರಸ್ತೆಯಲ್ಲಿ ಆ ಪುಟ್ಟ ಚಕ್ರಗಳು ಕೆಸರಲ್ಲಿ ಹೂತುಹೋಗ್ತವೆ. ಹಾಗಾಗಿ ಬ್ರಿಟನ್ನಿನ ಮೋಟಿವೇಶನ್ ಅನ್ನೋ ಸಂಸ್ಥೆಯ ಜೊತೆ ಸೇರಿ ಇವರು ಮೂರು ಚಕ್ರದ ಒಂದು ಕುರ್ಚಿ ಮಾಡಿದರು. ಹೆಸರು ಮೆಕಾಂಗ್. ಏರುತಗ್ಗಿನ ನೆಲದಲ್ಲೂ ಓಡುವಂಥದ್ದು, ಕೆಟ್ಟರೆ ಸ್ಥಳೀಯವಾಗಿಯೇ ರಿಪೇರಿ ಆಗುವಂಥದ್ದು. ಅದನ್ನು ಮಾಡ್ತಿದ್ದ ಕೈಗಳು ಅಂಗವಿಕಲರದ್ದೇ.

ಇನ್ನೊಂದು ವಿಷಯ. ಅಲ್ಲಿ ಕಲಿಯೋಕೆ ಬಂದ ಮಾಜಿ ಸೈನಿಕರು ಒಂದೇ ಸೈನ್ಯದವರಲ್ಲ. ನಾಲ್ಕೂ ಸೈನ್ಯದವರಿದ್ದರು. ಯೋಚನೆ ಮಾಡಿ, ಪಕ್ಕದಲ್ಲಿ ಕೂತು ಕೆಲಸ ಕಲೀತಿರೋನ ಸೈನ್ಯ ಹೂತ ಬಾಂಬಿಗೇ ನಿನ್ನ ಕಾಲು ಹೋಗಿರಬಹುದು. ನಿನ್ನ ಸೈನ್ಯದ್ದಕ್ಕೆ ಅವನದ್ದು. ಅಂಥ ನಾಲ್ವರು ಸೇರಿ ಜಗತ್ತಿಗೆ ಒಂದು ಪತ್ರ ಬರೆದರು. ನಾವು ಒಬ್ಬರ ಕಾಲನ್ನೊಬ್ಬರು ಕಳೆದವರು, ಈಗ ಒಂದೇ ಕಡೆ ಕಲೀತಿದ್ದೇವೆ. ಬಾಂಬ್ ತಯಾರಿಸೋದು, ಹೂಳೋದು ನಿಲ್ಲಿಸಿ, ಹೂತಿದ್ದನ್ನು ತೆಗೆಯೋಕೆ ಹಣ ಕೊಡಿ ಅನ್ನೋದು ಪತ್ರದ ಸಾರಾಂಶ.

1992ರಲ್ಲಿ ಆರು ಸಂಸ್ಥೆಗಳು ಸೇರಿ ಶುರುಮಾಡಿದ್ದ ನಿಷೇಧ ಅಭಿಯಾನಕ್ಕೆ ಇಂಥ ದನಿಗಳೇ ಬಲವಾದವು. 1995ರಲ್ಲಿ ಅಭಿಯಾನದ ಸಮ್ಮೇಳನ ಫ್ನಾಮ್ ಪೆನ್‌ನಲ್ಲೇ ನಡೀತು. 1997ರ ಡಿಸೆಂಬರ್‌ನಲ್ಲಿ ಕೆನಡಾದ ಒಟ್ಟಾವಾದಲ್ಲಿ 122 ದೇಶಗಳು ನಿಷೇಧ ಒಪ್ಪಂದಕ್ಕೆ ಸಹಿ ಹಾಕಿದವು. ಬದುಕುಳಿದವರ ಚಿಕಿತ್ಸೆ, ಪುನರ್ವಸತಿಗೆ ನೆರವಾಗಬೇಕು ಅನ್ನೋ ಮಾತು ಒಂದು ನಿಶ್ಶಸ್ತ್ರೀಕರಣ ಒಪ್ಪಂದದೊಳಗೆ ಬಂದಿದ್ದು ಅದೇ ಮೊದಲು. ಅದಾಗಿ ಒಂದೇ ವಾರದಲ್ಲಿ ಚನ್ನರೆತ್ ಓಸ್ಲೋದಲ್ಲಿದ್ದರು.

ಇಲ್ಲಿಗೆ ಶುಭಂ ಅನ್ನೋ ಹಾಗಿದ್ದಿದ್ದರೆ ಚೆನ್ನಾಗಿತ್ತು. ಆದರೆ ಅಮೆರಿಕ, ರಷ್ಯಾ, ಚೀನಾ ಒಪ್ಪಂದಕ್ಕೆ ಸೇರಲಿಲ್ಲ. ಗಡಿ ರಕ್ಷಣೆಯ ಕಾರಣ ಕೊಟ್ಟು ನಮ್ಮ ಭಾರತವೂ ಸೇರಿಲ್ಲ. ಸಂಸತ್ತಿನ ಮೇಲಿನ ದಾಳಿಯ ನಂತರ, 2001-02ರಲ್ಲಿ, ಪಂಜಾಬ್, ರಾಜಸ್ಥಾನ, ಜಮ್ಮು ಕಾಶ್ಮೀರದ ಗಡಿ ಹೊಲಗಳಲ್ಲಿ ನಮ್ಮ ಸೇನೆ ನೆಲಬಾಂಬ್ ಹೂತಿತ್ತು. ಅವುಗಳಿಂದ ನಮ್ಮದೇ ರೈತರು, ಸೈನಿಕರು ಗಾಯಗೊಂಡರು. 2025ರಲ್ಲಿ ರಷ್ಯಾದ ಭಯದಿಂದ ಪೋಲೆಂಡ್, ಫಿನ್ಲೆಂಡ್ ಮತ್ತು ಮೂರು ಬಾಲ್ಟಿಕ್ ದೇಶಗಳು ಒಪ್ಪಂದದಿಂದ ಹೊರಬರ್ತೀವಿ ಅಂದವು. ಅದೇ ವರ್ಷ ಕಾಂಬೋಡಿಯಾ ಗಡಿಯಲ್ಲಿ ಥಾಯ್ ಸೈನಿಕರು ನೆಲಬಾಂಬಿಗೆ ಕಾಲು ಕಳೆದುಕೊಂಡರು. ಇವು ಹೊಸದಾಗಿ ಹೂತಿದ್ದು ಅಂತ ಥಾಯ್ಲೆಂಡ್, ಹಳೇ ಯುದ್ಧದ್ದು ಅಂತ ಕಾಂಬೋಡಿಯಾ.

ಹೊಸದೋ ಹಳೆಯದೋ, ಹೋದ ಕಾಲು ಹೋದದ್ದೇ. ಆಮೇಲಿನ ಲೆಕ್ಕ ಪತ್ರಿಕೆಯಲ್ಲಿ ಬರೋದಿಲ್ಲ. ಕೃತಕ ಕಾಲನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ಬೆಳೆಯೋ ಮಗುವಿಗಾದರೆ ಇನ್ನೂ ಬೇಗ. ಕುರ್ಚಿಯ ಟೈರು ಸವೀತದೆ. ಸಂಪಾದನೆಗೆ ಒಂದು ಕೆಲಸ ಬೇಕು. ಯುದ್ಧ ಮುಗಿದ ತಾರೀಖನ್ನು ಇತಿಹಾಸದ ಪುಸ್ತಕ ಬರೆದುಕೊಳ್ಳುತ್ತೆ. ಬದುಕುಳಿದವರಿಗೆ ಅಂಥ ತಾರೀಖೇ ಇಲ್ಲ. ಅದಕ್ಕೇ ಇರಬೇಕು, ನೊಬೆಲ್ ವೇದಿಕೆಯಿಂದ ಮರಳಿದ ಚನ್ನರೆತ್ ಮತ್ತೆ ವ್ಹೀಲ್‌ಚೇರ್ ಕೆಲಸಕ್ಕೇ ಹೋದರು.