ಹೊಲದ ಮಾತು, ಕಚೇರಿಯ ಮಾತು

ಸಾರವಾಡದಲ್ಲಿ ಡೋಣಿ ದಂಡೆಯ ರೈತ ಎತ್ತು, ನೇಗಿಲು, ಹೊಲ ಎನ್ನುತ್ತಾನೆ; ಎಲ್ಲವೂ ಅಚ್ಚಗನ್ನಡ. ಅವನೇ ವಿಜಯಪುರದ ಕಚೇರಿಗೆ ಹೋದರೆ ಜಮೀನು, ಅರ್ಜಿ, ವಸೂಲಿ ಎನ್ನಬೇಕು. 1686ರವರೆಗೆ ಸುಮಾರು ಎರಡು ಶತಮಾನ ಆಳಿದ ಆದಿಲಶಾಹಿಗಳ ದರಬಾರಿನಲ್ಲಿ ಫಾರಸಿ ನಡೆಯುತ್ತಿತ್ತು. ಇಂಥ ಆಡಳಿತದ ಮಾತುಗಳು ಅರಸರು ಹೋದ ಮೇಲೂ ಉಳಿದವು.

ವಿದ್ಯಾರ್ಥಿಗಳೇ, ಇಂಗ್ಲಿಷ್ ಭಾಷೆಯ ಚರಿತ್ರೆ ಕಠಿಣವೆನಿಸಿದರೆ ಇಲ್ಲಿಂದಲೇ ಆರಂಭಿಸಿ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ‘ಕೋರ್ಟ್’, ‘ಜಡ್ಜ್’ ಫ್ರೆಂಚಿನಿಂದ ಬಂದವು. ಕೊಟ್ಟಿಗೆಯ ‘ಆಕ್ಸ್’, ‘ಶೀಪ್’ ಮಾತ್ರ ಹಳೆಯವೇ.

ಷೇಕ್ಸ್‌ಪಿಯರ್ ಎರಡೂ ಭಂಡಾರಗಳಿಗೆ ಕೈಹಾಕಿದ. ಕೊಲೆ ಮಾಡಿ ಬಂದ ಮ್ಯಾಕ್‌ಬೆತ್ ತನ್ನ ಕೈಯ ರಕ್ತ ಕಡಲನ್ನೇ ಕೆಂಪಾಗಿಸೀತೆಂದು ಮೊದಲು ಲ್ಯಾಟಿನ್ ಮೂಲದ ದೊಡ್ಡ ಪದಗಳಲ್ಲಿ ಹೇಳುತ್ತಾನೆ, ಮರುಗಳಿಗೆ ಪುಟ್ಟ ನಾಡಮಾತುಗಳಲ್ಲಿ. ಗಟ್ಟಿಯಾಗಿ ಓದಿ ನೋಡಿ. ಭಯ ಎಲ್ಲಿ ಹೆಚ್ಚೆಂದು ಕಿವಿಯೇ ಹೇಳುತ್ತದೆ.

ಆರ್ವೆಲ್ಲನ 1949ರ ಕಾದಂಬರಿಯನ್ನು ಮೈಕೇಲ್ ರಾಡ್‌ಫರ್ಡ್ 1984ರಲ್ಲಿ ಚಲನಚಿತ್ರ ಮಾಡಿದರು. ಅಲ್ಲಿ ನಿಘಂಟು ಮಾಡುವವನ ಕೆಲಸ ಶಬ್ದಗಳನ್ನು ಅಳಿಸುವುದು! ಎದುರಾಡುವ ವಿಚಾರಕ್ಕೆ ಮಾತೇ ಸಿಗಬಾರದೆಂಬುದು ಆ ಸರಕಾರದ ಹಂಚಿಕೆ. ವಿಜ್ಞಾನ ಓದಿದ ನನಗೆ ಒಂದು ವಸ್ತುವಿಗೆ ಒಂದೇ ಹೆಸರು ಸಾಕೆನಿಸುತ್ತಿತ್ತು. ಚಿತ್ರ ನೋಡಿದ ಮೇಲೆ ಹೊಲ, ಜಮೀನು ಎರಡೂ ಇರಲಿ ಎನಿಸಿತು. ಜಮೀನಿನ ಮೇಲೆ ಸಾಲ ಎತ್ತಿದವನೂ ಬಿತ್ತಲು ಹೋಗುವುದು ಹೊಲಕ್ಕೆ.