‘ಓದಲಾಗಿದೆ’: ಕನ್ನಡ ಕಚೇರಿ ಪತ್ರದಲ್ಲಿ ಆಕರಸೂಚನೆಯ ಚರಿತ್ರೆ

ತಾಂತ್ರಿಕ ಬರವಣಿಗೆಯ ತರಗತಿಗೆ ಬಿಜೂರಿನ ವಿದ್ಯಾರ್ಥಿಯೊಬ್ಬ ಒಂದು ಜ್ಞಾಪನ ಬರೆದು ತಂದಿದ್ದ. ತನ್ನೂರಿನ ಬಾವಿಗಳ ನೀರು ಬೇಸಗೆಯಲ್ಲಿ ಉಪ್ಪಾಗುವುದು ಅದರ ವಿಷಯ. ಆಕರಗಳನ್ನು ಕೊನೆಯಲ್ಲಿ ಪಟ್ಟಿ ಮಾಡುವ ಬದಲು, ‘ವಿಷಯ’ದ ಸಾಲಿನ ಕೆಳಗೇ ‘ಉಲ್ಲೇಖ’ ಎಂದು ಬರೆದು, ಮೊದಲನೆಯದಾಗಿ ಗ್ರಾಮ ಪಂಚಾಯತಿಯ ಪತ್ರವೊಂದನ್ನು ಸಂಖ್ಯೆ ಮತ್ತು ದಿನಾಂಕ ಸಹಿತ, ಎರಡನೆಯದಾಗಿ ‘ಅಂತರ್ಜಾಲ’ ಎಂಬ ಒಂದೇ ಪದವನ್ನು ಕಾಣಿಸಿದ್ದ. ಒಳಗೆ ‘ಉಲ್ಲೇಖ (2)ರಲ್ಲಿ ತಿಳಿಸಿರುವಂತೆ’ ಎಂಬ ಒಕ್ಕಣೆ ಎರಡು ಬಾರಿ ಬಂದಿತ್ತು. ನಾನು ಅಂಕ ಕಳೆದು ಹಿಂದಿರುಗಿಸಿದೆ. ಅವನು ಅನುಸರಿಸಿದ್ದು ಯಾವ ಪದ್ಧತಿ ಎಂದು ಆಗ ಕೇಳಿಕೊಳ್ಳಲಿಲ್ಲ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಕರ್ನಾಟಕದ ಯಾವ ಕಚೇರಿಯ ಪತ್ರವನ್ನು ನೋಡಿದರೂ ಮಾನ್ಯರೇ ಎಂಬ ಸಂಬೋಧನೆಯ ಆಸುಪಾಸಿನಲ್ಲಿ ಎರಡು ಸಾಲುಗಳಿರುತ್ತವೆ: ವಿಷಯ, ಉಲ್ಲೇಖ. ಸರ್ಕಾರಿ ಆದೇಶದಲ್ಲಾದರೆ ಉಲ್ಲೇಖದ ಸ್ಥಾನದಲ್ಲಿ ‘ಓದಲಾಗಿದೆ’ ಎಂಬ ಶೀರ್ಷಿಕೆ. ಅದರ ಕೆಳಗೆ ಹಿಂದಿನ ಆದೇಶಗಳು, ಪತ್ರಗಳು, ಅನಂತರ ಪ್ರಸ್ತಾವನೆ, ಆಮೇಲೆ ಆದೇಶ. ಇಂಗ್ಲಿಷ್ ಆಡಳಿತದ ಆದೇಶಗಳಲ್ಲಿದ್ದ ‘ರೆಡ್’ ಎಂಬ ಶೀರ್ಷಿಕೆಯ ಅನುವಾದ ಇದು. ಅನುವಾದದಲ್ಲಿ ಒಂದು ವಿಶೇಷ ಸಂಭವಿಸಿದೆ. ಶೈಕ್ಷಣಿಕ ಲೇಖನದ ಆಕರಪಟ್ಟಿ ನಾಮಪದಗಳ ಸಾಲು. ಬರೆದವನು ಅವನ್ನು ಓದಿದ್ದಾನೆಂದು ಅದು ಎಲ್ಲಿಯೂ ಹೇಳುವುದಿಲ್ಲ. ‘ಓದಲಾಗಿದೆ’ ಪೂರ್ಣ ವಾಕ್ಯ, ಓದಿನ ಕ್ರಿಯೆ ನಡೆದಿದೆ ಎಂಬ ಪ್ರತಿಪಾದನೆ. ಆದರೆ ಓದಿದವರು ಯಾರು? ಕರ್ತೃವನ್ನು ಮರೆಮಾಡುವ ‘-ಅಲಾಗಿದೆ’ ರಚನೆ ಅದನ್ನು ಹೇಳದೆ ಬಿಡುತ್ತದೆ. ಹೊಣೆಯನ್ನು ವಾಕ್ಯದಲ್ಲಿ ಒಪ್ಪಿಕೊಂಡು ವ್ಯಾಕರಣದಲ್ಲಿ ಕಳಚಿಕೊಳ್ಳುವ ಈ ಉಪಾಯ ಕಚೇರಿ ಕನ್ನಡಕ್ಕೆ ಬಹಳ ಒಗ್ಗಿದೆ.

ಮಾದರಿ ಇಂಗ್ಲಿಷಿನದಾದರೂ ಲೆಕ್ಕಕ್ಕೆ ಮೂಲ ಹೇಳುವ ಅಭ್ಯಾಸ ಈ ಕರಾವಳಿಯಲ್ಲಿ ಅದಕ್ಕಿಂತ ಹಳೆಯದು. ‘ಕಡತ’ ಎಂಬ ಪದವನ್ನೇ ನೋಡಬಹುದು. ಇಂದು ಅದು ಕಚೇರಿಯ ಫೈಲು. ಮೊದಲಿಗೆ ಅದು ಹುಣಿಸೆಬೀಜದ ಸರಿಗೆ ಇದ್ದಿಲು ಬೆರೆಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಬಟ್ಟೆಯ ಪುಸ್ತಕ; ಬರೆಯುವುದು ಬಳಪದಿಂದ. ಶಾನುಭೋಗರ ಲೆಕ್ಕಗಳು ಇಂಥ ಕಪ್ಪು ಪುಸ್ತಕಗಳಲ್ಲಿದ್ದವು. ಬಳಪದ ಬರಹವನ್ನು ಒರೆಸಿ ಮತ್ತೆ ಬರೆಯಬಹುದು. ಆದರೂ ಅದು ಪ್ರಮಾಣವೆನಿಸಿಕೊಂಡಿತು. ನಂಬಿಕೆ ಬಟ್ಟೆಯ ಮೇಲಿರದೆ ಬರೆದವನ ಮೇಲಿತ್ತು.

ಆ ಲೆಕ್ಕಗಳ ಒಕ್ಕಣೆ ಕುತೂಹಲಕರ. ಕಂದಾಯದ ಮೊತ್ತ ‘ಬೇರೀಜು’. ಅದನ್ನು ಒಂದೇ ಅಂಕಿಯಾಗಿ ಬರೆದು ಕೈತೊಳೆದುಕೊಳ್ಳದೆ ‘ಶಿಸ್ತು’ ಮತ್ತು ‘ಶಾಮಿಲು’ ಎಂದು ಬಿಡಿಸಿ ಇಡಲಾಗುತ್ತಿತ್ತು. ಶಿಸ್ತು ಕೆಳದಿ ಅರಸರ ಕಾಲದ ನಿಗದಿ, ಶಿವಪ್ಪ ನಾಯಕನ ಹೆಸರಿನೊಂದಿಗೆ ತಳಕು ಹಾಕಿಕೊಂಡದ್ದು. ಶಾಮಿಲು ಅನಂತರದ, ಹೈದರ್ ಮತ್ತು ಟಿಪ್ಪುವಿನ ಆಳ್ವಿಕೆಯ ಸೇರ್ಪಡೆ. ಅಂದರೆ ರೈತ ತೆರುವ ಹಣದಲ್ಲಿ ಎಷ್ಟು ಭಾಗ ಯಾರ ಅಪ್ಪಣೆಯಿಂದ ಬಂದಿತೆಂಬುದು ಪದದಲ್ಲೇ ಉಳಿದಿತ್ತು. ಇದನ್ನು ಆಕರಸೂಚನೆ ಎನ್ನದೆ ಬೇರೇನೆನ್ನಬೇಕೋ ತಿಳಿಯದು.

1799ರಲ್ಲಿ ಕೆನರಾ ಕಂಪನಿಯ ಕೈಸೇರಿದಾಗ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1800ರ ಮೇ 31ರಂದು ರೆವಿನ್ಯೂ ಬೋರ್ಡಿಗೆ ಬರೆದ ವರದಿಯಲ್ಲಿ ಇಲ್ಲಿನ ಕಂದಾಯದ ಇತಿಹಾಸವನ್ನು ಸ್ಥಳೀಯ ಲೆಕ್ಕಗಳ ಆಧಾರದ ಮೇಲೆ ಕಟ್ಟಿದ. ಮದರಾಸಿನಲ್ಲಿ ಕುಳಿತ ಓದುಗರಿಗೆ ಕಡತ ಬಿಚ್ಚಿ ನೋಡುವುದು ಸುಲಭವಿರಲಿಲ್ಲ. ಅವರು ನಂಬಬೇಕಾದದ್ದು ಮನ್ರೋವನ್ನು. ಮರುವರ್ಷ ಕುಂದಾಪುರ, ಬೈಂದೂರು, ಭಟ್ಕಳಗಳ ದಾರಿಯಲ್ಲಿ ಹೋದ ಫ್ರಾನ್ಸಿಸ್ ಬುಕಾನನ್ ತನ್ನ ಮಾತುಗಳನ್ನು ದಾಖಲಿಸಿ 1807ರಲ್ಲಿ ಪ್ರಕಟಿಸಿದ. ಅಲ್ಲಿಂದ ಮುಂದೆ ಕಡತವನ್ನು ಉಲ್ಲೇಖಿಸುವ ಬದಲು ಕಡತವನ್ನು ಉಲ್ಲೇಖಿಸಿದವರನ್ನು ಉಲ್ಲೇಖಿಸುವ ಕಾಲ ಬಂದಿತು.

ಅದರ ಬೆಲೆ ಏನೆಂಬುದು 1875ರಲ್ಲಿ ಬೊಂಬಾಯಿ ಹೈಕೋರ್ಟಿನ ಮುಂದಿದ್ದ ವೈಕುಂಠ ಬಾಪೂಜಿ ಪ್ರಕರಣದಲ್ಲಿ ಕಾಣುತ್ತದೆ. ಕೆನರಾ 1860ರ ಸುಮಾರಿಗೆ ಎರಡಾಗಿ, 1862ರಲ್ಲಿ ಉತ್ತರ ಭಾಗ ಬೊಂಬಾಯಿಗೆ ಸೇರಿತ್ತು. ಕುಂದಾಪುರ ತಾಲೂಕು ಮದರಾಸಿನಲ್ಲೇ ಉಳಿದುದರಿಂದ ಬಿಜೂರು ಗಡಿಯ ಈಚೆಗಿತ್ತು. ಪ್ರಕರಣ ಆಚೆಯದು. ಆದರೆ ಪ್ರಮಾಣಗಳು ಅವಿಭಜಿತ ಕೆನರಾದವು. ಸರ್ಕಾರ ಕಂದಾಯ ಏರಿಸಬಹುದೇ ಎಂಬ ಪ್ರಶ್ನೆ, ಮುಕ್ಕಾಲು ಶತಮಾನದ ಹಿಂದೆ ಒಬ್ಬ ಕಲೆಕ್ಟರು ಯಾವ ಲೆಕ್ಕವನ್ನು ಹೇಗೆ ಓದಿದ ಎಂಬ ಪ್ರಶ್ನೆಯಾಗಿ ಮಾರ್ಪಟ್ಟಿತು.

ಕಚೇರಿ ಕನ್ನಡದ ಸೂಚಕ ಪದಗಳೂ ಈ ಚರಿತ್ರೆಯ ಪಾಲುದಾರರು. ‘ಸದರಿ’, ‘ಮಜಕೂರು’ ಎರಡೂ ಅರಬ್ಬಿ ಮೂಲದವು, ಪಾರಸಿ ದಫ್ತರುಗಳ ಮೂಲಕ ಬಂದವು. ಮೇಲೆ ಹೇಳಿದ್ದನ್ನು ಮತ್ತೆ ತೋರುವುದು ಅವುಗಳ ಕೆಲಸ. ಪಠ್ಯದೊಳಗಿನ ನಿರ್ದೇಶಕ್ಕೆ ಇಷ್ಟು ಸಿದ್ಧ ಸಾಮಗ್ರಿಯಿದೆ. ‘ನಕಲು’ ಪದದ ಪಾಡು ಇನ್ನೂ ವಿಚಿತ್ರ. ತಾಲೂಕು ಕಚೇರಿಯಲ್ಲಿ ಅದು ಗೌರವದ ವಸ್ತು: ಶುಲ್ಕ ತೆತ್ತು, ಮೊಹರು ಹಾಕಿಸಿ, ಮಡಚಿ ತರುವಂಥದ್ದು. ಪರೀಕ್ಷಾ ಕೊಠಡಿಯಲ್ಲಿ ಅದೇ ಅಪರಾಧ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲವೆಂದು, ಅದಕ್ಕೆ ಮೀರಿದರೆ ಹಂತ ಹಂತವಾಗಿ ದಂಡನೆ ಎಂದು ಗೊತ್ತುಪಡಿಸಿದೆ. ಎರಡು ನಕಲುಗಳ ನಡುವಣ ಗೆರೆ ಎಲ್ಲಿದೆ ಎಂದು ವಿದ್ಯಾರ್ಥಿಗೆ ತಿಳಿಹೇಳುವುದು ಶೇಕಡಾವಾರು ಲೆಕ್ಕದ ಕೆಲಸವಲ್ಲ.

1956ರ ಏಕೀಕರಣದ ಅನಂತರ ಮದರಾಸು, ಬೊಂಬಾಯಿ, ಹೈದರಾಬಾದು, ಕೊಡಗು, ಮೈಸೂರುಗಳ ಕಚೇರಿ ರೂಢಿಗಳು ಒಂದೆಡೆ ಸೇರಿದವು; 1963ರ ರಾಜಭಾಷಾ ಅಧಿನಿಯಮ ಕನ್ನಡವನ್ನು ಆಡಳಿತ ಭಾಷೆಯೆಂದಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದ ‘ಆಡಳಿತ ಕನ್ನಡ’ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪತ್ರವ್ಯವಹಾರದ ಈ ರೂಪಗಳನ್ನೇ ಕಲಿಸಿತು. ಆಕರಸೂಚನೆಯನ್ನಾದರೋ ಅವರು ಇಂಗ್ಲಿಷ್ ತರಗತಿಯಲ್ಲಿ ಅಮೆರಿಕದ ಕೈಪಿಡಿಗಳಿಂದ ಕಲಿಯುತ್ತಾರೆ. ಎರಡೂ ಒಂದೇ ಕೆಲಸದ ಎರಡು ರೂಪ ಎಂದು ಯಾರೂ ಹೇಳುವುದಿಲ್ಲ, ನಾನೂ ಹೇಳಿರಲಿಲ್ಲ.

ಭೇದವಿಲ್ಲವೆಂದಲ್ಲ. ಕಚೇರಿಯ ಉಲ್ಲೇಖ ಅಧಿಕಾರದತ್ತ ಬೆರಳು ಮಾಡುತ್ತದೆ: ಈ ಪತ್ರ ಬರೆಯಲು ನನಗೆ ಯಾವ ಆದೇಶದಿಂದ ಹಕ್ಕು ಬಂದಿತು? ಲೇಖನದ ಉಲ್ಲೇಖ ಪುರಾವೆಯತ್ತ: ಈ ಮಾತನ್ನು ನೀವು ಎಲ್ಲಿ ಪರೀಕ್ಷಿಸಬಹುದು? ‘ಅಂತರ್ಜಾಲ’ ಎಂದು ಬರೆದ ವಿದ್ಯಾರ್ಥಿ ಅದನ್ನು ಒಂದು ಇಲಾಖೆಯೆಂದು ಭಾವಿಸಿದ್ದ. ಸಂಖ್ಯೆ, ದಿನಾಂಕಗಳಿಲ್ಲದ ಇಲಾಖೆ.

ಎರಡನೆಯ ಕರಡಿಗಾಗಿ ಅವನಿಗೆ ‘ಓದಲಾಗಿದೆ’ ಎಂಬುದನ್ನು ‘ಓದಿದ್ದೇನೆ’ ಎಂದು ತಿದ್ದಿ, ಪ್ರತಿಯೊಂದರ ಎದುರಿಗೆ ಪುಟ ಬರೆಯಲು ಹೇಳಿದೆ. ಅಂತರ್ಜಾಲದ ನಮೂದು ತಾನಾಗಿ ಬಿದ್ದುಹೋಯಿತು. ಆಗ ಅವನು, ನೀರು ಯಾವ ತಿಂಗಳಲ್ಲಿ ಉಪ್ಪಾಗುತ್ತದೆ ಎಂಬುದನ್ನು ತನಗೆ ಹೇಳಿದವರು ಮನೆಯ ಅಜ್ಜಿ, ಅದಕ್ಕೆ ಪತ್ರಸಂಖ್ಯೆ ಇಲ್ಲದ್ದರಿಂದ ಕೈಬಿಟ್ಟೆ ಎಂದ. ಕಿಟೆಲ್ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತನ್ನ ನಿಘಂಟಿನಲ್ಲಿ ಶಬ್ದಮಣಿದರ್ಪಣಕ್ಕೆ ಒಂದು ಸಂಕ್ಷೇಪಾಕ್ಷರ ಕೊಟ್ಟಂತೆಯೇ ಮೈಸೂರು ಸೀಮೆಯ ಆಡುಬಳಕೆಗೂ ಒಂದನ್ನು ಕೊಟ್ಟಿದ್ದ. ಅದನ್ನು ಅವನಿಗೆ ತೋರಿಸಿದೆ. ಜ್ಞಾಪನದ ಮೂರನೆಯ ಕರಡಿನಲ್ಲಿ ಉಲ್ಲೇಖದ ಎರಡನೆಯ ಸಾಲು ಹೀಗಿತ್ತು: ‘ಕೇಳಿದ್ದೇನೆ: ನಮ್ಮ ಅಜ್ಜಿ, ಬಿಜೂರು’, ಅದರ ಮುಂದೆ ದಿನಾಂಕ.