ಡಿಕ್ಕಿಯಲ್ಲಿ ಕೂತವರು

ಪೀಣ್ಯದ ಗ್ಯಾರೇಜುಗಳಲ್ಲಿ 'ಡಿಕ್ಕಿಗೆ ಡಿಕ್ಕಿ ಆಗಿದೆ' ಎಂದರೆ ಯಾರೂ ನಗುವುದಿಲ್ಲ. ಹಿಂದಿನಿಂದ ಯಾರೋ ಗುದ್ದಿದ್ದಾರೆ, ಸಾಮಾನಿಡುವ ಜಾಗ ನಜ್ಜುಗುಜ್ಜಾಗಿದೆ ಎಂದಷ್ಟೇ ಅರ್ಥ. ಎರಡು ಡಿಕ್ಕಿಗಳಿಗೂ ನೆಂಟಸ್ತಿಕೆಯಿಲ್ಲ. ಗುದ್ದುವ ಡಿಕ್ಕಿ ನಮ್ಮ ಟಗರುಗಳದ್ದು, ತೆಲುಗಿನ 'ಢೀ'ಗೆ ಹತ್ತಿರದ್ದು. ಸಾಮಾನು ತುಂಬುವ ಡಿಕ್ಕಿ ಇಂಗ್ಲಿಷಿನದು. ಆದರೆ ಲಂಡನ್ನಿನಲ್ಲಿ ಈಗ ಅದಕ್ಕೆ 'ಬೂಟ್' ಎನ್ನುತ್ತಾರೆ, ಅಮೆರಿಕದಲ್ಲಿ 'ಟ್ರಂಕ್'. ವೈಟ್‌ಫೀಲ್ಡಿನಿಂದ ಅಲ್ಲಿಗೆ ಹೋದ ಇಂಜಿನಿಯರು 'ಡಿಕ್ಕಿ ತೆಗಿ' ಎಂದರೆ ಮುಖ ಮುಖ ನೋಡುತ್ತಾರೆ.

ಸಾಲಪದಗಳ ಬೆನ್ನುಹತ್ತಿರುವ ನನಗೆ ಹಿಡಿಸಿದ್ದು ಇದರ ಹಿಂದಿನ ಜನ್ಮ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ 'ಡಿಕಿ' ಎಂದರೆ ಕುದುರೆಗಾಡಿಯ ಹೊರಗಿನ ಸೀಟು. ಮುಂದಿದ್ದರೆ ಸಾರಥಿಗೆ, ಹಿಂದಿದ್ದರೆ ಆಳಿಗೆ. ದಣಿಗಳು ಒಳಗೆ, ಮೆತ್ತೆಯ ಮೇಲೆ. ಮಳೆ, ಧೂಳು ಡಿಕಿಯವರ ಪಾಲು. 1920, 30ರ ದಶಕಗಳ ಇಬ್ಬರು ಕೂರುವ ಕಾರುಗಳಲ್ಲೂ ಅದು ಉಳಿಯಿತು: ಹಿಂದಿನ ಮುಚ್ಚಳ ಎತ್ತಿದರೆ ಒಳಗೊಂದು ಸೀಟು. ಆಮೇಲೆ ಸೀಟು ಹೋಯಿತು, ಪೆಟ್ಟಿಗೆಗಳು ಬಂದವು. ಇಂಗ್ಲೆಂಡು ಸೀಟಿನ ಜೊತೆಗೇ ಪದವನ್ನೂ ಬಿಟ್ಟಿತು, ನಾವು ಮುಚ್ಚಳಕ್ಕೆ ಅದನ್ನು ಅಂಟಿಸಿಕೊಂಡೆವು. ಸ್ಕೂಟರಿನ ಸೀಟಿನಡಿಗೂ ದಾಟಿಸಿದೆವು. ಅಂದಹಾಗೆ 'ಬೂಟ್' ಕೂಡ ಹದಿನೇಳನೇ ಶತಮಾನದಲ್ಲಿ ಗಾಡಿಯ ಮೆಟ್ಟಿಲ ಬಳಿ ಪರಿಚಾರಕರು ಕೂರುತ್ತಿದ್ದ ಜಾಗವೇ. ಆಳು ಎದ್ದುಹೋದಲ್ಲಿ ಮೂಟೆ ಕೂತಿತು.

ಭಾರತದಲ್ಲಿ ಡಿಕ್ಕಿಯನ್ನು ಕತ್ತರಿಸಿದ್ದು ತೆರಿಗೆ. 2006ರ ಬಜೆಟ್ಟು ನಾಲ್ಕು ಮೀಟರಿಗಿಂತ ಗಿಡ್ಡನೆಯ, ಚಿಕ್ಕ ಇಂಜಿನ್ನಿನ ಕಾರುಗಳ ಎಕ್ಸೈಸ್ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಿತು. 2008ರಲ್ಲಿ 4,160 ಮಿಲಿಮೀಟರ್ ಉದ್ದವಿದ್ದ ಮಾರುತಿ ಡಿಜೈರ್ 2012ರಲ್ಲಿ 3,995ಕ್ಕೆ ಕುಗ್ಗಿತು. ಕತ್ತರಿ ಬಿದ್ದದ್ದು ಹಿಂಭಾಗಕ್ಕೆ. ನೋಡಲು ಚೆಂದವೇನಲ್ಲ, ಬಾಲ ಮೊಂಡಾದ ಹಾಗೆ.

ನಮ್ಮ ಕ್ಯಾಬುಗಳಲ್ಲಿ ಆ ಉಳಿದ ಜಾಗಕ್ಕೂ ಸಿಎನ್‌ಜಿ ಸಿಲಿಂಡರ್ ಬಂದು ಕೂತಿದೆ. ಎಲೆಕ್ಟ್ರಾನಿಕ್ ಸಿಟಿಯಿಂದ ಏರ್‌ಪೋರ್ಟಿಗೆ ಎರಡು ಸೂಟ್‌ಕೇಸ್ ಹಿಡಿದು ನಿಂತವರು ಡ್ರೈವರಣ್ಣನ ಮೇಲೆ ರೇಗುತ್ತಾರೆ. ಅವನ ಕಷ್ಟ ಬೇರೆ. ರಾತ್ರಿ ಪಾಳಿಯವರನ್ನು ಇಳಿಸಿ ಬೆಳಗಿನ ಪಿಕಪ್ಪಿನ ತನಕ ಕಾರಿನಲ್ಲೇ ಮಲಗುವವನಿಗೆ ಡಿಕ್ಕಿಯೇ ಮನೆ: ನೀರಿನ ಕ್ಯಾನು, ಹೊದಿಕೆ, ಒಂದು ಜೊತೆ ಬಟ್ಟೆ. ಹೋದ ತಿಂಗಳು ಒಬ್ಬರನ್ನು ಕೇಳಿದೆ, ಇವನ್ನೆಲ್ಲ ಈಗ ಎಲ್ಲಿಡುತ್ತೀರಿ ಅಣ್ಣ ಎಂದು. ಪಕ್ಕದ ಸೀಟಿನ ಕಾಲ ಬುಡದ ಚೀಲ ತೋರಿಸಿದರು. ಕಸ್ಟಮರ್ ಮುಂದೆ ಕೂರುತ್ತೇನೆಂದರೆ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಓಡಿಸುತ್ತಾರಂತೆ.